ಕಡಲೂರಿನ ಚಿತ್ರಗಳು, ಬಿಟ್ಟುಹೋದ ಹೆಸರುಗಳು

ಉದಕಮಂಡಲದಲ್ಲಿ ನೆಲೆಸಿರುವ ಕರಾವಳಿಯ ಕನ್ನಡಿಗರ ಮನೆಗಳಲ್ಲಿ ಕಡಲಿನ ಚಿತ್ರವಿಲ್ಲದ ಗೋಡೆ ವಿರಳ. 2,637 ಮೀಟರ್ ಎತ್ತರದ ದೊಡ್ಡಬೆಟ್ಟದ ತುದಿಯಲ್ಲಿ ನಿಂತು ಎಷ್ಟು ಕಣ್ಣರಳಿಸಿದರೂ ಕಾಣಿಸದ ಅರಬ್ಬಿ ಸಮುದ್ರವು ನಡುಮನೆಯ ಗೋಡೆಯ ಮೇಲೆ, ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂಬದಿಯಲ್ಲಿ, ಊರಿನ ಬ್ಯಾಂಕು ಕಳುಹಿಸಿದ ಕ್ಯಾಲೆಂಡರಿನಲ್ಲಿ ವರ್ಷವಿಡೀ ಹೊಳೆಯುತ್ತಿರುತ್ತದೆ. ಗುಂಡ್ಲುಪೇಟೆಯ ದಾರಿಯಾಗಿ ಘಟ್ಟ ಹತ್ತಿ ಬಂದ ನಮ್ಮಂಥ ಬಯಲುಸೀಮೆಯವರಿಗೆ ಕಡಲಿನ ಪರಿಚಯವಾದದ್ದೇ ಈ ಚಿತ್ರಗಳಿಂದ. ಮಲ್ಪೆಯನ್ನು ಕಣ್ಣಾರೆ ಕಾಣುವ ಮೊದಲೇ ಅದು ಹೇಗಿರುತ್ತದೆಂಬುದು ನಮಗೆ ತಿಳಿದುಹೋಗಿತ್ತು: ಕೆಂಪು ಆಕಾಶ, ಕಪ್ಪು ದೋಣಿ, ಒಂದೆರಡು ಹಕ್ಕಿ.

ಕವಿತೆಯನ್ನೂ ಕಾದಂಬರಿಯನ್ನೂ ವಿಮರ್ಶಿಸುವ ಪರಿಪಾಠ ನಮ್ಮ ಸಂಘದಲ್ಲಿ ಮೊದಲಿನಿಂದಲೂ ಉಂಟು. ಕಥೆಯೊಂದನ್ನು ಓದಿದಾಗ ಇದರಲ್ಲಿ ಯಾರ ಮಾತು ಕೇಳಿಸುತ್ತಿದೆ, ಯಾರ ಮಾತು ಕೇಳಿಸುತ್ತಿಲ್ಲ ಎಂದು ವಿಚಾರಿಸುತ್ತೇವೆ. ಛಾಯಾಚಿತ್ರದ ಮುಂದೆ ಮಾತ್ರ "ಬಹಳ ಚೆನ್ನಾಗಿ ಬಂದಿದೆ" ಎಂಬ ಒಂದೇ ವಾಕ್ಯದಲ್ಲಿ ವಿಮರ್ಶೆಯನ್ನು ಮುಗಿಸಿ ಕಾಫಿಗೆ ತೆರಳುತ್ತೇವೆ. ಈ ಬಾರಿಯ ಸಾಹಿತ್ಯಕೂಟದ ಚಿತ್ರಪ್ರದರ್ಶನಕ್ಕೆ ಸದಸ್ಯರ ಮನೆಗಳಿಂದ ಬಂದ ಚಿತ್ರಗಳನ್ನು ಆರಿಸುವ ಹೊಣೆ ನಮ್ಮ ಪಾಲಿಗೆ ಬಂತು. ಹೆಚ್ಚಿನವು ಮಲ್ಪೆ ಮತ್ತು ಉಡುಪಿಯವು. ರಜೆಯಲ್ಲಿ ಊರಿಗೆ ಹೋದಾಗ ಹಿರಿಯರು ಹಳೆಯ ಕ್ಯಾಮೆರಾದಲ್ಲಿ, ಮಕ್ಕಳು ಮೊಬೈಲಿನಲ್ಲಿ ತೆಗೆದವು. ಬಂದರಿನ ದೋಣಿಗಳು, ಅಷ್ಟಮಿಯ ವೇಷಗಳು, ರಥಬೀದಿಯ ಉತ್ಸವಗಳು ಎಂದು ಅವುಗಳನ್ನು ಮೂರು ಕಟ್ಟುಗಳಾಗಿ ವಿಂಗಡಿಸಿಕೊಂಡೆವು. ಇವನ್ನು ಸಾಹಿತ್ಯಕೃತಿಗಳನ್ನು ಓದುವಷ್ಟೇ ಎಚ್ಚರದಿಂದ ಓದಬೇಕೆಂದು ನಮಗೆ ತೋರಿದ್ದರ ಫಲ ಈ ಬರಹ. ಚಿತ್ರ ತೆಗೆದವರೆಲ್ಲರೂ ನಮ್ಮವರೇ ಆದುದರಿಂದ ಯಾರ ಹೆಸರನ್ನೂ ಹೇಳದೆ ಚಿತ್ರಗಳನ್ನು ಕುರಿತಷ್ಟೇ ಮಾತಾಡುತ್ತೇವೆ.

ಮೊದಲು ದೋಣಿಗಳು. ಕಟ್ಟಿನಲ್ಲಿದ್ದ ದೋಣಿಯ ಚಿತ್ರಗಳಲ್ಲಿ ಬಹುಪಾಲು ಸೂರ್ಯಾಸ್ತದ ವೇಳೆಯಲ್ಲಿ ತೆಗೆದವು. ಸೂರ್ಯನಿಗೆ ಎದುರಾಗಿ ನಿಂತು ತೆಗೆದರೆ ಮುಂದಿರುವ ವಸ್ತುವೆಲ್ಲ ಕಪ್ಪಾಗಿ, ಅಂಚುಗಳಷ್ಟೇ ಉಳಿಯುವುದು ಕ್ಯಾಮೆರಾದ ಸ್ವಭಾವ. ಇದಕ್ಕೆ ವಿಶೇಷ ಕೌಶಲವೇನೂ ಬೇಡ, ಸಂಜೆಯಾಗುವವರೆಗೆ ಕಾಯುವ ತಾಳ್ಮೆ ಸಾಕು. ಆ ಕಪ್ಪಿನಲ್ಲಿ ದೋಣಿ ಸುಂದರವಾಗಿ ಕಾಣುತ್ತದೆ ಎಂಬುದನ್ನು ಒಪ್ಪುತ್ತೇವೆ. ಆದರೆ ಅದೇ ಕಪ್ಪು ಏನನ್ನು ನುಂಗುತ್ತದೆ ಎಂದು ನೋಡಬೇಕು.

ಉದ್ಯಾವರ ಹೊಳೆ ಕಡಲನ್ನು ಸೇರುವ ಅಳಿವೆಯಲ್ಲಿರುವ ಮಲ್ಪೆ ಬಂದರಿನ ದಕ್ಕೆಯ ಮೇಲೆ ಹಗಲಿನಲ್ಲಿ ನಿಂತವರು ಬಲ್ಲರು: ಅಲ್ಲಿ ಹೆಸರಿಲ್ಲದ ಬೋಟು ಒಂದೂ ಇಲ್ಲ. ಮುಂಭಾಗದ ಹಲಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ದೇವರ ಹೆಸರು, ತಾಯಿಯ ಹೆಸರು, ಮಗಳ ಹೆಸರು. ಪಕ್ಕದಲ್ಲಿ ನೋಂದಣಿ ಸಂಖ್ಯೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನಗಳ ಕಾಲ, ಮೀನುಗಳ ಸಂತಾನಾಭಿವೃದ್ಧಿಗೆಂದು ಯಾಂತ್ರಿಕ ಮೀನುಗಾರಿಕೆ ನಿಲ್ಲುತ್ತದೆ. ಬೋಟುಗಳ ದುರಸ್ತಿ ನಡೆದು, ಹಲಗೆಗಳಿಗೆ ಹೊಸ ಬಣ್ಣ ಬಿದ್ದು, ಹೆಸರುಗಳನ್ನು ಮತ್ತೆ ತಿದ್ದುವ ಕಾಲ ಅದು. ಹೆಸರು ಬರೆಯುವ ಪೇಂಟರು ಏಣಿಯ ಮೇಲೆ ನಿಂತಿರುತ್ತಾನೆ, ಬಲೆ ಹೆಣೆಯುವವರು ನೆರಳಿನಲ್ಲಿ ಕುಳಿತಿರುತ್ತಾರೆ. ಪ್ರವಾಸಿಗಳು ಕಡಿಮೆಯಿರುವ ಆ ಮಳೆಗಾಲದ ಚಿತ್ರ ನಮ್ಮ ಕಟ್ಟಿನಲ್ಲಿ ಒಂದೇ ಒಂದು ಇತ್ತು. ಅದರಲ್ಲಿ ಆಕಾಶ ಬೂದುಬಣ್ಣ, ನೆಲ ಕೆಸರು. ಏಣಿಯ ಮೇಲಿರುವವನು ತಾಯಿಯ ಹೆಸರಿನ ಎರಡನೆಯ ಅಕ್ಷರವನ್ನು ಬರೆದು ಮುಗಿಸಿ ಮೂರನೆಯದಕ್ಕೆ ಕುಂಚ ಅದ್ದುತ್ತಿದ್ದಾನೆ. ಸೂರ್ಯಾಸ್ತದ ಚಿತ್ರಗಳೆಲ್ಲವನ್ನೂ ಬದಿಗಿಟ್ಟು ಇದನ್ನು ಪ್ರದರ್ಶನದ ಮೊದಲ ಗೋಡೆಗೆ ಆರಿಸಿದ್ದೇವೆ. ಆಯ್ಕೆಯ ಬಗ್ಗೆ ಈಗಾಗಲೇ ಕೆಲವರು ಹುಬ್ಬೇರಿಸಿದ್ದಾರೆ. ಆದ್ದರಿಂದ ಕಾರಣವನ್ನು ವಿವರಿಸುವುದು ನಮ್ಮ ಕರ್ತವ್ಯ.

2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ಬೋಟೊಂದು ಮರಳಲಿಲ್ಲ. ಅದರಲ್ಲಿ ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಏಳು ಮಂದಿ ಮೀನುಗಾರರಿದ್ದರು. ಎರಡು ದಿನಗಳ ಬಳಿಕ ಸಂಪರ್ಕ ಕಡಿದುಹೋಯಿತು. ತಿಂಗಳುಗಟ್ಟಲೆ ಹುಡುಕಾಟ ನಡೆದು, 2019ರ ಮೇ ತಿಂಗಳ ಆರಂಭದಲ್ಲಿ, ಮಹಾರಾಷ್ಟ್ರದ ಮಾಲ್ವಣ ಕರಾವಳಿಯಾಚೆ ಕಡಲಿನ ತಳದಲ್ಲಿ ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಹಡಗು ಅದರ ಅವಶೇಷವನ್ನು ಪತ್ತೆಹಚ್ಚಿತು. ಬೋಟಿನ ಹೆಸರು ಸುವರ್ಣ ತ್ರಿಭುಜ. ಆ ನಾಲ್ಕೂವರೆ ತಿಂಗಳು ಕರಾವಳಿಯ ಜನ ಬೆಳಗ್ಗೆ ಪತ್ರಿಕೆ ತೆರೆದೊಡನೆ ಹುಡುಕುತ್ತಿದ್ದದ್ದು ಆ ಎರಡು ಪದಗಳನ್ನು. ಇಲ್ಲಿ ಉದಕಮಂಡಲದಲ್ಲಿಯೂ ಮಾರ್ಕೆಟ್ಟಿನ ಹತ್ತಿರ ಭೇಟಿಯಾದ ಉಡುಪಿಯ ಸ್ನೇಹಿತರು "ಸುವರ್ಣ ತ್ರಿಭುಜದ ಸುದ್ದಿ ಏನಾದರೂ ಬಂತೇ?" ಎಂದೇ ವಿಚಾರಿಸುತ್ತಿದ್ದರು. "ಆ ಬೋಟು" ಎಂದು ಯಾರೂ ಅನ್ನಲಿಲ್ಲ. ಕಡಲಿಗೆ ಹೋಗುವವರ ಲೋಕದಲ್ಲಿ ಹೆಸರು ಅಲಂಕಾರಕ್ಕಾಗಿ ಬರೆದದ್ದಲ್ಲ. ದೋಣಿ ಮರಳದಿದ್ದಾಗ ದಡದಲ್ಲಿರುವವರ ಕೈಯಲ್ಲಿ ಉಳಿಯುವುದು ಅದೊಂದೇ. ಇದನ್ನು ತಿಳಿದ ಮೇಲೆ, ಹೆಸರು ಕಾಣದಂತೆ ಕಪ್ಪಾದ ದೋಣಿಯ ಚಿತ್ರವನ್ನು ಮೊದಲಿನ ಕಣ್ಣಿನಿಂದ ನೋಡುವುದು ನಮಗೆ ಸಾಧ್ಯವಾಗಿಲ್ಲ.

ಈ ವಿಚಾರ ನಮ್ಮಲ್ಲಿ ಮಾತ್ರ ಹುಟ್ಟಿದ್ದಲ್ಲ. ಛಾಯಾಗ್ರಹಣ ಕಣ್ಣುಬಿಟ್ಟ ಮೊದಲ ದಶಕದಲ್ಲಿಯೇ, 1843ರಿಂದ 1847ರವರೆಗಿನ ಅವಧಿಯಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದ ಸಮೀಪದ ನ್ಯೂಹೇವನ್ ಎಂಬ ಮೀನುಗಾರರ ಊರಿನಲ್ಲಿ ಡೇವಿಡ್ ಆಕ್ಟೇವಿಯಸ್ ಹಿಲ್ ಎಂಬ ವರ್ಣಚಿತ್ರಕಾರನೂ ರಾಬರ್ಟ್ ಆಡಮ್‌ಸನ್ ಎಂಬ ಛಾಯಾಗ್ರಾಹಕನೂ ಸೇರಿ ಅಲ್ಲಿನ ಜನರ ಚಿತ್ರಗಳನ್ನು ತೆಗೆದರು. ದುಡಿಯುವ ಜನರ ಬದುಕನ್ನು ಕ್ಯಾಮೆರಾದಲ್ಲಿ ದಾಖಲಿಸಿದ ಮೊದಲ ಪ್ರಯತ್ನಗಳ ಸಾಲಿನಲ್ಲಿ ಇದಕ್ಕೆ ಸ್ಥಾನವಿದೆ. ಕಡಲತಡಿಯ ಊರೊಂದು ಈ ಕಲೆಯ ಶೈಶವದಲ್ಲೇ ಅದರ ಮುಂದೆ ಬಂದು ನಿಂತದ್ದು ಗಮನಾರ್ಹ. ಬುಟ್ಟಿ ಹೊತ್ತು ಪೇಟೆಗೆ ಹೋಗಿ ಮೀನು ಮಾರುತ್ತಿದ್ದ ಹೆಂಗಸರ ಆ ಚಿತ್ರಗಳನ್ನು ಕುರಿತು ಜರ್ಮನ್ ಚಿಂತಕ ವಾಲ್ಟರ್ ಬೆಂಜಮಿನ್ 1931ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಒಂದು ಸೂಕ್ಷ್ಮವಾದ ಮಾತಿದೆ. ಹಳೆಯ ವರ್ಣಚಿತ್ರದಲ್ಲಿರುವ ಅಪರಿಚಿತ ಮುಖವು ಎರಡು ಮೂರು ತಲೆಮಾರಿನ ಬಳಿಕ ಚಿತ್ರಕಾರನ ಕೌಶಲಕ್ಕೆ ಸಾಕ್ಷಿಯಾಗಿ ಮಾತ್ರ ಉಳಿಯುತ್ತದೆ. ಆದರೆ ನ್ಯೂಹೇವನ್ನಿನ ಮೀನುಗಾತಿಯ ಛಾಯಾಚಿತ್ರದಲ್ಲಿ ಕಲೆಗಾರನ ಕೌಶಲದಲ್ಲಿ ಕರಗಿಹೋಗದ ಏನೋ ಒಂದು ಉಳಿದು, ಅಲ್ಲಿ ಬದುಕಿದ್ದವಳ ಹೆಸರನ್ನು ಕೇಳುತ್ತಲೇ ಇರುತ್ತದೆ ಎಂಬುದು ಅದರ ತಾತ್ಪರ್ಯ. ಆ ಹೆಂಗಸರಲ್ಲಿ ಒಬ್ಬಾಕೆಯ ಹೆಸರು ಎಲಿಜಬೆತ್ ಜಾನ್‌ಸ್ಟನ್ ಹಾಲ್ ಎಂದು ಇಂದಿಗೂ ಚಿತ್ರದ ಜೊತೆಯಲ್ಲಿ ಉಳಿದುಬಂದಿದೆ. ಸುಮಾರು 180 ವರ್ಷಗಳ ಹಿಂದೆ ಸ್ಕಾಟ್ಲೆಂಡಿನಲ್ಲಿ ಮೀನು ಮಾರಿದವಳ ಹೆಸರು ನೀಲಗಿರಿಯಲ್ಲಿ ಕುಳಿತ ನಮಗೆ ತಿಳಿದಿದೆ. ಕಳೆದ ಮೇ ತಿಂಗಳ ರಜೆಯಲ್ಲಿ ನಮ್ಮ ಸದಸ್ಯರ ಮಗ ಮಲ್ಪೆಯ ದಕ್ಕೆಯಲ್ಲಿ ತೆಗೆದ, ಬಂಗುಡೆಯ ಬುಟ್ಟಿಯ ಹಿಂದೆ ಕುಳಿತು ನಗುತ್ತಿರುವ ಮಹಾತಾಯಿಯ ಹೆಸರು ಅವನಿಗೂ ತಿಳಿಯದು. "ಕೇಳಲಿಲ್ಲವೇನಪ್ಪಾ?" ಎಂದಾಗ, "ಕೇಳಬೇಕಿತ್ತಾ ಸಾರ್?" ಎಂದ. ಅವನ ಚಿತ್ರ ಚೆನ್ನಾಗಿದೆ. ಆಕೆ ನಕ್ಕದ್ದು ಅವನನ್ನು ನೋಡಿ, ಅಂದರೆ ಮಾತಿಗೆ ಅವಕಾಶವಿತ್ತು.

ಎರಡನೆಯ ಕಟ್ಟು ವೇಷಗಳದ್ದು. ಉಡುಪಿಯ ಕೃಷ್ಣಾಷ್ಟಮಿಯ ಮಾರನೆಯ ದಿನ ವಿಟ್ಲಪಿಂಡಿ. ರಥಬೀದಿಯಲ್ಲಿ ಗುರ್ಜಿಗಳನ್ನು ನೆಟ್ಟು, ಅವುಗಳಿಗೆ ತೂಗಹಾಕಿದ ಮೊಸರಕುಡಿಕೆಗಳನ್ನು ಗೊಲ್ಲವೇಷದವರು ಒಡೆಯುತ್ತಾರೆ. ಕೃಷ್ಣನ ಮೃಣ್ಮಯ ಮೂರ್ತಿಯನ್ನು ರಥದಲ್ಲಿ ಮೆರೆಸಿ ಮಧ್ವಸರೋವರದಲ್ಲಿ ವಿಸರ್ಜಿಸುತ್ತಾರೆ. ಆ ದಿನಗಳಲ್ಲಿ ಪೇಟೆಯ ತುಂಬ ಹುಲಿವೇಷ. ಮಂಗಳೂರಿನ ಕಡೆಯಲ್ಲಿ ಇದೇ ಹುಲಿಗಳು ನವರಾತ್ರಿಯಲ್ಲಿ ಬರುತ್ತವೆ. ಕ್ಯಾಮೆರಾ ಹಿಡಿದವರಿಗೆ ಇದಕ್ಕಿಂತ ದೊಡ್ಡ ಹಬ್ಬ ಇನ್ನೊಂದಿಲ್ಲ. ಹಳದಿ ಮೈ, ಕಪ್ಪು ಪಟ್ಟೆ, ತಾಸೆಯ ಬಡಿತಕ್ಕೆ ಗಾಳಿಯಲ್ಲಿ ನೆಗೆದ ಕಾಲು: ನಮ್ಮ ಕಟ್ಟಿನಲ್ಲಿದ್ದ ಹುಲಿಗಳೆಲ್ಲವೂ ನೆಗೆಯುತ್ತಲೇ ಇದ್ದವು. ಒಂದರಲ್ಲಿ ಹುಲಿಯೊಂದು ಅಕ್ಕಿಮುಡಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಂದಕ್ಕೆ ಎಸೆಯುವ ಕ್ಷಣ ಸಿಕ್ಕಿದೆ. ತೆಗೆದವರ ಚುರುಕನ್ನು ಮೆಚ್ಚಲೇಬೇಕು.

ಆದರೆ ಹುಲಿವೇಷವೆಂದರೆ ಆ ನೆಗೆತವಷ್ಟೇ ಅಲ್ಲ ಎಂದು ಅದನ್ನು ಬಲ್ಲವರು ಹೇಳುತ್ತಾರೆ. ಹಿಂದಿನ ರಾತ್ರಿಯೇ ಅದು ಆರಂಭವಾಗುತ್ತದೆ. ಊದು ಹಾಕಿ ಪೂಜೆ ಮಾಡಿದ ಬಳಿಕ ಮೈಗೆ ಬಣ್ಣ ಬೀಳುತ್ತದೆ. ಮೊದಲ ಬಳಿತ ಒಣಗುವವರೆಗೆ ವೇಷಧಾರಿ ಕೈಗಳನ್ನು ಚಾಚಿ, ಕೋಲಿನ ಆಸರೆ ಹಿಡಿದು ನಿಂತಿರಬೇಕು. ಕುಳಿತರೆ ಬಣ್ಣ ಕೆಡುತ್ತದೆ. ಒಣಗಿದ ಮೇಲೆ ಪಟ್ಟೆಹುಲಿಗೆ ಪಟ್ಟೆ, ಚಿಟ್ಟೆಹುಲಿಗೆ ಚುಕ್ಕೆ. ಎಣ್ಣೆಬಣ್ಣ ಬಳಿದ ಚರ್ಮ ಬೆವರಲಾರದು, ಉರಿಯುತ್ತದೆ. ಹಬ್ಬ ಮುಗಿದ ಮೇಲೆ ಬಣ್ಣ ಬಿಡಿಸಿಕೊಳ್ಳುವುದು ಮತ್ತೊಂದು ಯಾತನೆ. ಅನೇಕರಿಗೆ ಇದು ಹರಕೆ: ಮಗುವಿಗೆ ಕಾಯಿಲೆ ವಾಸಿಯಾದರೆ ಹುಲಿವೇಷ ಹಾಕುತ್ತೇನೆಂದು ಹೇಳಿಕೊಂಡಿರುತ್ತಾರೆ. ಹೀಗೆ ಕೈಚಾಚಿ ನಿಂತಿರುವ ಮನುಷ್ಯನ ಒಂದು ಚಿತ್ರವೂ ನಮಗೆ ಬಂದ ಕಟ್ಟಿನಲ್ಲಿ ಇರಲಿಲ್ಲ. ಅರ್ಧ ಹುಲಿ, ಅರ್ಧ ಮನುಷ್ಯ, ಮುಖಕ್ಕೆ ಇನ್ನೂ ಬಣ್ಣ ಬಿದ್ದಿಲ್ಲ, ಕಣ್ಣಲ್ಲಿ ನಿದ್ದೆ: ಹೋದವರು ಒಂದು ರಾತ್ರಿ ಮುಂಚೆ ಹೋಗಿದ್ದರೆ ಈ ಚಿತ್ರ ಸಿಗುತ್ತಿತ್ತು. ರಥಬೀದಿಯ ನೆಗೆತವನ್ನು ಸಾವಿರ ಕ್ಯಾಮೆರಾಗಳು ಹಿಡಿಯುತ್ತವೆ. ಬಣ್ಣದ ಚಾವಡಿಗೆ ಹೋಗಬೇಕಾದರೆ ಯಾರನ್ನಾದರೂ ಪರಿಚಯ ಮಾಡಿಕೊಳ್ಳಬೇಕು, ಪರಿಚಯವಾದರೆ ಹೆಸರು ತಾನಾಗಿ ಬರುತ್ತದೆ.

ಇಲ್ಲೊಂದು ಆಕ್ಷೇಪವನ್ನು ಎದುರಿಸಬೇಕಾಗಿದೆ. ವೇಷ ಹಾಕುವುದೇ ತನ್ನನ್ನು ಮರೆಮಾಡಿಕೊಳ್ಳಲು. ಹುಲಿಯಾದವನಿಗೆ ಮನುಷ್ಯನ ಹೆಸರನ್ನು ಅಂಟಿಸುವುದು ವೇಷಕ್ಕೆ ಮಾಡುವ ಅಪಚಾರವಲ್ಲವೇ ಎಂದು ಸಂಘದ ಹಿರಿಯ ಸದಸ್ಯೆಯೊಬ್ಬರು ಕೇಳಿದರು. ಅವರ ತವರು ಕಾಪುವಿನ ಕಡೆ. ಅವರ ಮಾತನ್ನು ಹಗುರವಾಗಿ ಕಾಣುವಂತಿಲ್ಲ. ಹರಕೆಯ ವೇಷಧಾರಿ ತನ್ನ ಹೆಸರು ಬೇಡವೆಂದರೆ ಬರೆಯಬಾರದು, ಅದರಲ್ಲಿ ಎರಡು ಮಾತಿಲ್ಲ. ನಮ್ಮ ಉತ್ತರ ಇಷ್ಟೇ: ಬೇಡವೆನ್ನಲಿಕ್ಕಾದರೂ ಅವನನ್ನು ಒಮ್ಮೆ ಕೇಳಿರಬೇಕಲ್ಲ. ಹೆಸರನ್ನು ಚಿತ್ರದ ಕೆಳಗೆ ಅಚ್ಚು ಹಾಕಿಸುವುದು ಬೇರೆ, ತೆಗೆದವರು ತಿಳಿದಿರುವುದು ಬೇರೆ. ಹೆಸರು ತಿಳಿದವರು ತೆಗೆದ ಚಿತ್ರದಲ್ಲಿ ಕ್ಯಾಮೆರಾ ನಿಂತ ದೂರವೇ ಬದಲಾಗುತ್ತದೆ. ಅದು ನೋಡುವವರಿಗೂ ಗೊತ್ತಾಗುತ್ತದೆ.

ವೇಷದೊಳಗಿನ ಮನುಷ್ಯನನ್ನು ನಾಡು ಹೆಸರಿನಿಂದ ಗುರುತಿಸಿದ ನಿದರ್ಶನವೂ ಉಡುಪಿಯಲ್ಲಿಯೇ ಇದೆ. ರವಿ ಕಟಪಾಡಿ ಎಂಬ ಕಟ್ಟಡ ಕೆಲಸಗಾರರು ಅಷ್ಟಮಿಯಲ್ಲಿ ಪ್ರತಿವರ್ಷ ವಿಚಿತ್ರವಾದ ವೇಷಗಳನ್ನು ಹಾಕಿ, ಬಂದ ಹಣವನ್ನು ಬಡಮಕ್ಕಳ ಚಿಕಿತ್ಸೆಗೆ ಕೊಡುತ್ತ ಬಂದವರು. ಅವರ ವೇಷ ಭಯಂಕರ. ಮುಖ ಕಾಣುವುದೇ ಇಲ್ಲ. ಆದರೂ ಆ ಚಿತ್ರವನ್ನು ಯಾರೂ "ಅಷ್ಟಮಿಯ ಒಂದು ವೇಷ" ಎಂದು ಕರೆಯುವುದಿಲ್ಲ. ಆ ಹಣ ಎಲ್ಲಿಗೆ ಹೋಗುತ್ತದೆ ಎಂದು ಜನ ಕೇಳಿದ್ದರಿಂದ ಹೆಸರು ಹೊರಬಂತು. 2014ರಲ್ಲಿ ತೆರೆಕಂಡ, ರಕ್ಷಿತ್ ಶೆಟ್ಟಿಯವರ 'ಉಳಿದವರು ಕಂಡಂತೆ' ಚಲನಚಿತ್ರವನ್ನೂ ಇಲ್ಲಿ ನೆನೆಯಬಹುದು. ಮಲ್ಪೆಯಲ್ಲಿ ಅಷ್ಟಮಿಯ ಸಮಯದಲ್ಲಿ ನಡೆಯುವ ಒಂದೇ ಘಟನೆಯನ್ನು ಹಲವರು ಕಂಡಂತೆ ಹೇಳುವ ಆ ಚಿತ್ರದ ಹೊಡೆದಾಟಗಳು ನಮ್ಮ ವಯಸ್ಸಿಗೆ ಸ್ವಲ್ಪ ಹೆಚ್ಚೇ ಎನಿಸಿದವು. ಆದರೆ ಅದರಲ್ಲಿ ಹುಲಿವೇಷ ಹಾಕುವವನು ಬಾಲು. ಅವನಿಗೆ ಮನೆಯುಂಟು, ಚಿಂತೆಯುಂಟು. ಹುಲಿ ಕುಣಿಯುವಾಗ ನಾವು ಬಾಲು ಕುಣಿಯುತ್ತಿದ್ದಾನೆಂದೇ ನೋಡುತ್ತೇವೆ, ಅದರಿಂದ ಹುಲಿ ಕಿಂಚಿತ್ತೂ ಸಣ್ಣದಾಗಿಲ್ಲ.

ಪ್ರಸಂಗವಶಾತ್ ಒಂದು ಮಾತು. 2021ರ ಅಕ್ಟೋಬರಿನಲ್ಲಿ ನಮ್ಮ ಮಸಿನಗುಡಿಯ ಕಾಡಿನಲ್ಲಿ ವಾರಗಟ್ಟಲೆ ಬೆನ್ನಟ್ಟಿ ಹಿಡಿದ ಹುಲಿಯನ್ನು ಜಿಲ್ಲೆಯಲ್ಲಿ ಮಕ್ಕಳಾದಿಯಾಗಿ ಎಲ್ಲರೂ "ಟಿ 23" ಎಂದು ಗುರುತಿನಿಂದಲೇ ಕರೆದರು. ಕಾಡಿನ ಹುಲಿಯ ಪಟ್ಟೆಗಳ ಚಿತ್ರ ತೆಗೆದು, ಒಂದರಂತೆ ಇನ್ನೊಂದಿಲ್ಲವೆಂದು ಖಚಿತಪಡಿಸಿಕೊಂಡು, ಸಂಖ್ಯೆ ಕೊಟ್ಟು ಲೆಕ್ಕವಿಡುವ ಕಾಲ ಇದು. ರಥಬೀದಿಯ ಹುಲಿಗೂ ಅಷ್ಟು ಉಪಚಾರ ಸಲ್ಲಬಹುದು.

ಮೂರನೆಯ ಕಟ್ಟು ಉತ್ಸವಗಳದ್ದು. ಇವುಗಳ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ನಡೆಯುವ ಪರ್ಯಾಯದ ಮೆರವಣಿಗೆ, ಮಕರಸಂಕ್ರಾಂತಿಯ ಮೂರು ತೇರು, ದೀಪಗಳಲ್ಲಿ ಮಿಂದ ರಥಬೀದಿ: ಎಲ್ಲವೂ ಎತ್ತರದಿಂದ, ದೂರದಿಂದ ತೆಗೆದವು. ಈಚಿನ ಎರಡು ಡ್ರೋನ್ ಚಿತ್ರಗಳಲ್ಲಿ ಜನರು ಸಾಸಿವೆಯ ಕಾಳುಗಳಾಗಿದ್ದಾರೆ. ತೇರಿನ ವೈಭವ ದಾಖಲಾಗಿದೆ. ಅದಕ್ಕೆ ಕೈಹಾಕಿದವರು ಯಾರೂ ಇಲ್ಲ. ಒಂದನ್ನು ಮಾತ್ರ ಎತ್ತಿಟ್ಟುಕೊಂಡೆವು. ಪರ್ಯಾಯಕ್ಕೆ ಮುಂಚೆ ಮಠದ ಅಡುಗೆಗೆ ಬೇಕಾದ ಸೌದೆಯನ್ನು ಮಧ್ವಸರೋವರದ ಬಳಿ ರಥದ ಆಕಾರದಲ್ಲಿ ಒಟ್ಟುತ್ತಾರಷ್ಟೆ. ಆ ಕಟ್ಟಿಗೆಯ ರಥದ ಮೇಲೆ ನಿಂತು, ಕೆಳಗಿನಿಂದ ಎಸೆದ ಸೌದೆಯನ್ನು ಹಿಡಿಯುತ್ತಿರುವ ಒಬ್ಬನ ಚಿತ್ರ. ಸೌದೆ ಗಾಳಿಯಲ್ಲಿದೆ, ಅವನ ಕಣ್ಣು ಸೌದೆಯ ಮೇಲಿದೆ. ನೋಡುವವರಿಗೆ ಕೈ ಚಾಚುವಂತಾಗುತ್ತದೆ. ಉತ್ಸವದ ಹಿಂದೆ ಎಷ್ಟು ತೋಳುಗಳ ಬಲವಿದೆಯೆಂಬುದನ್ನು ಆ ಸಾಧಾರಣ ಚಿತ್ರ ಹೇಳುತ್ತದೆ, ಡ್ರೋನ್ ಹೇಳುವುದಿಲ್ಲ.

ಕರಾವಳಿಯ ಚಿತ್ರಗಳ ಬಗ್ಗೆ ನಾವು ಇಷ್ಟು ನಿಷ್ಠುರವಾಗಿ ಮಾತಾಡಲು ನೀಲಗಿರಿಯ ಚರಿತ್ರೆಯೂ ಒಂದು ಕಾರಣ. ಚಿತ್ರಕ್ಕೆ ಒಳಗಾಗಿ ಹೆಸರು ಕಳೆದುಕೊಳ್ಳುವುದು ಏನೆಂಬುದನ್ನು ಈ ಬೆಟ್ಟದವರಿಗೆ ಯಾರೂ ಕಲಿಸಬೇಕಾಗಿಲ್ಲ. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದ 'ದಿ ಪೀಪಲ್ ಆಫ್ ಇಂಡಿಯಾ' ಎಂಬ ಸರಕಾರಿ ಚಿತ್ರಸಂಕಲನದ ಕಾಲವದು. ಮನುಷ್ಯರನ್ನು ಸಾಲಾಗಿ ನಿಲ್ಲಿಸಿ, ಕೆಳಗೆ ಜಾತಿಯ ಅಥವಾ ಬುಡಕಟ್ಟಿನ ಹೆಸರು ಬರೆಯುವುದು ಆಗಿನ ರೂಢಿ. ನೀಲಗಿರಿಯ ಮೊದಲ ಕಮಿಷನರ್ ಬ್ರೀಕ್ಸ್ ಸಾಹೇಬರು ಇಲ್ಲಿನ ಬುಡಕಟ್ಟುಗಳನ್ನೂ ಪ್ರಾಚೀನ ಸ್ಮಾರಕಗಳನ್ನೂ ಕುರಿತು ಬರೆದ ಗ್ರಂಥ ಅವರು ತೀರಿಕೊಂಡ ಬಳಿಕ, 1873ರಲ್ಲಿ, ಛಾಯಾಚಿತ್ರಗಳೊಡನೆ ಪ್ರಕಟವಾಯಿತು. ಬೆಲೆಬಾಳುವ ಗ್ರಂಥ, ಸಂದೇಹವಿಲ್ಲ. ಅಂಥ ಪುಸ್ತಕಗಳನ್ನು ಇಂದು ತಿರುವುವ ತೋಡರ, ಕೋತರ, ಬಡಗರ ಮೊಮ್ಮಕ್ಕಳು "ಇವರು ನಮ್ಮ ಯಾರು?" ಎಂದು ಕೇಳಿದರೆ ಪುಟಗಳು ಹೆಚ್ಚಾಗಿ ಕುಲದ ಹೆಸರನ್ನು ಹೇಳಿ ಸುಮ್ಮನಾಗುತ್ತವೆ. ಈಗಲೂ ಬೇರಗಣಿಯ ಹೆತ್ತೆ ಹಬ್ಬಕ್ಕೆ ಬಿಳಿಯುಡುಗೆಯಲ್ಲಿ ಸಾಲುಗಟ್ಟಿ ಬರುವ ಬಡಗರನ್ನು ಪ್ರವಾಸಿಗಳು ಹೇಗೆ ಕ್ಯಾಮೆರಾದಲ್ಲಿ ತುಂಬಿಕೊಂಡು ಹೋಗುತ್ತಾರೆಂದು ಓದುಗರು ಬಲ್ಲರು. ನಮ್ಮ ಬೆಟ್ಟದಲ್ಲಿ ನಮಗೆ ಒಪ್ಪಿಗೆಯಾಗದ ವರ್ತನೆಯನ್ನು ಮಲ್ಪೆಯ ದಕ್ಕೆಯಲ್ಲಿ ನಾವೇ ತೋರಿದರೆ ಹೇಗೆ?

ಬೆಟ್ಟಕ್ಕೂ ಆ ಕಡಲಿಗೂ ಹಳೆಯ ನಂಟುಂಟು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು 1846ರಲ್ಲಿ ನಮ್ಮ ಕೇತಿಯಲ್ಲಿ ಠಾಣೆ ಹೂಡಿ, ಕರಾವಳಿಯಲ್ಲಿ ಕಲಿತ ಕನ್ನಡದಲ್ಲಿಯೇ ಇಲ್ಲಿ ಮಾತಾಡಿದರು. ಎರಡೂ ಕಡೆಯ ಹಳೆಯ ಛಾಯಾಚಿತ್ರಗಳು ಇಂದು ಬಾಸೆಲ್ ನಗರದ ಒಂದೇ ಭಂಡಾರದಲ್ಲಿವೆ. ಇನ್ನೊಂದು ನಂಟು ನಮ್ಮ ಕಾಲದ್ದು. 1960ರಲ್ಲಿ ಸ್ಥಾಪನೆಯಾಗಿ 1967ರಿಂದ ತಯಾರಿಕೆ ಆರಂಭಿಸಿದ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ ಉದಕಮಂಡಲದ ಇಂದುನಗರದಲ್ಲಿತ್ತು. ಧೂಳಿಲ್ಲದ ತಂಪು ಹವೆಯೆಂದು ಈ ಬೆಟ್ಟವನ್ನು ಆರಿಸಿದ್ದರು. ದೇಶದ ಎಷ್ಟೋ ಸ್ಟುಡಿಯೋಗಳಿಗೆ ಕಪ್ಪುಬಿಳುಪಿನ 'ಇಂದು' ಫಿಲ್ಮೂ ಕಾಗದವೂ ಇಲ್ಲಿಂದಲೇ ಹೋಗುತ್ತಿದ್ದವು. ನಮ್ಮ ಶಿಷ್ಯರಲ್ಲಿ ಅನೇಕರ ತಂದೆಯರು ಅಲ್ಲಿ ಕೆಲಸಕ್ಕಿದ್ದರು. ಕತ್ತಲೆಕೋಣೆಯಲ್ಲಿ ದುಡಿದು ಬರುವ ಅಪ್ಪ ಮಧ್ಯಾಹ್ನದ ಬಿಸಿಲಿಗೆ ಕಣ್ಣು ಕಿರಿದು ಮಾಡುತ್ತಾನೆಂದು ಹುಡುಗನೊಬ್ಬ ಪ್ರಬಂಧದಲ್ಲಿ ಬರೆದದ್ದು ನೆನಪಿದೆ. ಈಗ ಕಾರ್ಖಾನೆ ಮುಚ್ಚಿದೆ.

ಆ ಕಾಗದದ ಮೇಲೆ ಮುದ್ರಿತವಾದದ್ದೆಂದು ಮನೆಯವರು ಹೇಳುವ ಚಿತ್ರವೊಂದು ಹಳೆಯ ಹೋಟೆಲ್ ಕುಟುಂಬವೊಂದರಿಂದ ನಮ್ಮ ಕೈಗೆ ಬಂತು. ಪ್ರದರ್ಶನದ ಎಲ್ಲ ಚಿತ್ರಗಳಿಗಿಂತ ಮೇಲಿನ ಸ್ಥಾನ ಅದಕ್ಕೆ ಸಲ್ಲಬೇಕು. ವಿಷಯ: ರಂಪಣಿ ಎಳೆಯುವುದು. ದಡದಿಂದ ದೋಣಿಯಲ್ಲಿ ಬಲೆಯನ್ನು ಕೊಂಡೊಯ್ದು, ಕಡಲಿನಲ್ಲಿ ಬಿಲ್ಲಿನಂತೆ ಬಳಸಿ ತಂದು, ಎರಡು ತುದಿಗಳನ್ನೂ ಹತ್ತಾರು ಜನ ಮರಳಿನ ಮೇಲೆ ನಿಂತು ಎಳೆಯುತ್ತಿದ್ದರು. ಬಂಗುಡೆಯೋ ಬೂತಾಯಿಯೋ ಸಿಕ್ಕಿದ್ದನ್ನು ಪಾಲು ಹಾಕಿಕೊಳ್ಳುತ್ತಿದ್ದರು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬೋಟುಗಳು ಬಂದ ಮೇಲೆ ದೊಡ್ಡ ರಂಪಣಿಗಳು ಒಂದೊಂದಾಗಿ ಮೂಲೆ ಸೇರಿದವು. ಅದಕ್ಕಾಗಿ ಕರಾವಳಿಯಲ್ಲಿ ಜಗಳಗಳೂ ನಡೆದವು. ಚಿಕ್ಕ ಕೈರಂಪಣಿ ಮಾತ್ರ ಅಲ್ಲಲ್ಲಿ ಉಳಿದಿದೆ. ಚಿತ್ರ ಆ ಬದಲಾವಣೆಗೆ ತುಸು ಮುಂಚಿನದು.

ಕಲೆಯ ದೃಷ್ಟಿಯಿಂದ ಅದರಲ್ಲಿ ದೋಷಗಳಿವೆ. ದಿಗಂತ ಓರೆಯಾಗಿದೆ, ಎಡಗಡೆ ಯಾರದೋ ಮೊಣಕೈ ಕತ್ತರಿಸಿಹೋಗಿದೆ. ಆದರೆ ಹಿಂಬದಿಯನ್ನು ತಿರುವಿ ನೋಡಿದಾಗ ನಮ್ಮ ಮೂವತ್ತು ವರ್ಷಗಳ ವೃತ್ತಿ ಕಣ್ಣೆದುರು ನಿಂತಂತಾಯಿತು. ಪ್ರತಿವರ್ಷ ಮಾರ್ಚಿಯಲ್ಲಿ ಶಾಲೆಯ ಗುಂಪುಚಿತ್ರ ತೆಗೆಸಿ, ಕೆಳಗಿನ ರಟ್ಟಿನ ಮೇಲೆ "ಕುಳಿತವರು, ಎಡದಿಂದ ಬಲಕ್ಕೆ, ನಿಂತವರು, ಮೊದಲನೆಯ ಸಾಲು" ಎಂದು ಹೆಸರುಗಳನ್ನು ತಪ್ಪಿಲ್ಲದಂತೆ ಬರೆಸುವುದು ನಮ್ಮ ಪದ್ಧತಿಯಾಗಿತ್ತು. ಜವಾನನ ಹೆಸರನ್ನೂ ಬಿಡುತ್ತಿರಲಿಲ್ಲ. ಈ ಚಿತ್ರದ ಹಿಂದೆಯೂ ಹಾಗೆಯೇ, ಫೌಂಟನ್ ಪೆನ್ನಿನ ನೀಲಿ ಶಾಯಿಯಲ್ಲಿ, ದುಂಡು ಕನ್ನಡದಲ್ಲಿ, ಹಗ್ಗ ಹಿಡಿದ ಕ್ರಮದಲ್ಲಿ ಹದಿನೇಳು ಹೆಸರುಗಳು. ಒಬ್ಬರ ಮುಂದೆ "ತಾಂಡೇಲ", ಇನ್ನೊಬ್ಬರ ಮುಂದೆ "ಗಂಗೊಳ್ಳಿಯವರ ಅಳಿಯ" ಎಂದಿದೆ. ಓರೆಯಾದ ದಿಗಂತವನ್ನು ಆ ಹದಿನೇಳು ಹೆಸರುಗಳು ನೆಟ್ಟಗೆ ಮಾಡುತ್ತವೆ ಎಂದರೆ ವಿಮರ್ಶಕರು ನಗಬಹುದು. ಆದರೆ ಹೆಸರುಗಳನ್ನು ಓದಿ ಮತ್ತೆ ಮುಂಬದಿಗೆ ತಿರುಗಿಸಿದಾಗ ಚಿತ್ರ ನಮಗೆ ಬೇರೆಯಾಗಿ ಕಂಡಿತು: ಸಾಲಿನಲ್ಲಿ ಐದನೆಯವನು ಎಳೆಯುತ್ತಿಲ್ಲ, ಪಕ್ಕದವನೊಡನೆ ಏನೋ ಹೇಳಿ ನಗುತ್ತಿದ್ದಾನೆ, ಇಬ್ಬರ ಮನೆತನದ ಹೆಸರೂ ಒಂದೇ.

ಸೌಂದರ್ಯಕ್ಕೆ ಇವೆಲ್ಲ ಅಗತ್ಯವೇ ಎಂದು ಕೇಳುವವರಿಗೆ ಶಿವರಾಮ ಕಾರಂತರ 'ಮರಳಿ ಮಣ್ಣಿಗೆ'ಯನ್ನು ಮತ್ತೊಮ್ಮೆ ಓದಬೇಕೆಂದು ಬಿನ್ನವಿಸುತ್ತೇವೆ. 1941ರಲ್ಲಿ ಬಂದ ಆ ಕಾದಂಬರಿಯಲ್ಲಿ ಇದೇ ಕರಾವಳಿಯ ಕೋಡಿಯ ಕಡಲು ಪುಟಪುಟದಲ್ಲೂ ಇದೆ. ಕಾರಂತರು ಸ್ವತಃ ಮೂಕಿಚಿತ್ರ ತೆಗೆದವರು. ದೃಶ್ಯದ ಸೊಬಗು ಅವರಿಗೆ ತಿಳಿಯದ್ದಲ್ಲ. ಆದರೆ ಆ ಕಡಲನ್ನು ನಾವು ನೋಡುವುದು ಪಾರೋತಿಯ, ಸರಸೋತಿಯ, ನಾಗವೇಣಿಯ ಕಣ್ಣಿನಿಂದ. ಅವರು ಅದರ ಪಕ್ಕದಲ್ಲಿ ನೀರು ಹೊತ್ತು, ಗದ್ದೆ ನೆಟ್ಟು, ಮಕ್ಕಳಿಗಾಗಿ ಕಾದು ಕುಳಿತವರು. ಆ ಹೆಸರುಗಳನ್ನು ತೆಗೆದುಹಾಕಿದರೆ ಉಳಿಯುವ ಕಡಲು ಕ್ಯಾಲೆಂಡರಿನದು.

ಪ್ರದರ್ಶನದಲ್ಲಿ ರಂಪಣಿಯ ಚಿತ್ರವನ್ನು ಗೋಡೆಗೆ ತೂಗಿಸದೆ, ಎರಡು ಗಾಜುಗಳ ನಡುವೆ ನಿಲ್ಲಿಸಿ ಮೇಜಿನ ಮೇಲಿಡಲು ಸಮಿತಿಯವರು ಒಪ್ಪಿದ್ದಾರೆ. ಎರಡೂ ಬದಿಯನ್ನು ನೋಡಬಹುದು. ಉಳಿದ ಚಿತ್ರಗಳ ಕೆಳಗೆ ಖಾಲಿ ಚೀಟಿಗಳನ್ನು ಅಂಟಿಸಿದ್ದೇವೆ. ಮಲ್ಪೆ, ಕಾಪು, ಗಂಗೊಳ್ಳಿ, ಕುಂದಾಪುರಗಳ ಕಡೆಯ ಹಿರಿಯರು ದಯವಿಟ್ಟು ಕನ್ನಡಕ ತಂದಿರಲಿ. ರಂಪಣಿಯ ಚಿತ್ರದಲ್ಲಿ ಬಲತುದಿಗೆ, ಹಗ್ಗದ ಸುರುಳಿಯನ್ನು ಹೆಗಲಿಗೇರಿಸಿ ನಿಂತಿರುವ ಹತ್ತು ವರ್ಷದ ಹುಡುಗನಿದ್ದಾನೆ. ಹಿಂಬದಿಯಲ್ಲಿ ಹದಿನೆಂಟನೆಯ ಸ್ಥಾನದಲ್ಲಿ ಬರೆದವರು ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಬಿಟ್ಟಿದ್ದಾರೆ. ಅವನಿಗೀಗ ಅರವತ್ತರ ಆಸುಪಾಸು ಇರಬೇಕು.